ಕತ್ತಿನೊಳಗಿನ ಸುಂಯ್ ಸದ್ದು



ರೇಡಿಯೋದವರಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಸದ್ದಿನ ಬಗ್ಗೆಯೇ. "ನಿಮ್ಮ ಸ್ಟೇಷನ್ ಸರಿಯಾಗಿ ಸಿಗುವುದಿಲ್ಲ, ಬರೀ ಸುಂಯ್ ಅನ್ನುತ್ತದೆ" ಎಂದು ಬರೆಯುತ್ತಾರೆ. ಡೊಂಬಿವಲಿಯಿಂದ ನಮ್ಮ ಕೇಳುಗರೊಬ್ಬರು ಬರೆದ ಪತ್ರವೂ ಹಾಗೆಯೇ ಶುರುವಾಗಿತ್ತು. ಧಾರವಾಡ ಕಡೆಯವರು. "ನಮ್ಮ ಮನಿಯವರು ರೇಡಿಯೋ ಬಂದ್ ಮಾಡಿದ ಮ್ಯಾಲೂ ಸಪ್ಪಳ ಬರ್ತದ ಅಂತಾರ್ರೀ" ಎಂದು ಬರೆದಿದ್ದರು. ನಾನು ನಕ್ಕು ಮುಂದೆ ಓದಿದೆ. ಮುಂದಿನ ಸಾಲುಗಳಲ್ಲಿ ನಗುವಂಥದ್ದೇನೂ ಇರಲಿಲ್ಲ.

ಅವರ ಪತಿಗೆ ಕಿಡ್ನಿ ಕೈಕೊಟ್ಟಿದೆ. ತುರ್ತಾಗಿ ಡಯಾಲಿಸಿಸ್ ಬೇಕಾದಾಗ ಬಲಗಡೆ ಕತ್ತಿಗೆ ಒಂದು ದಪ್ಪ ನಳಿಕೆ ಹಾಕಿದ್ದರು. ಕೆಲವು ವಾರಗಳ ನಂತರ ಅದನ್ನು ತೆಗೆದರು. ಆಮೇಲಿನಿಂದ ಬಲಗಿವಿಯಲ್ಲಿ ಸುಂಯ್, ಸುಂಯ್, ಸುಂಯ್. ಹಗಲು ಲೋಕಲ್ ಟ್ರೇನಿನ ಗದ್ದಲದಲ್ಲಿ ಗೊತ್ತಾಗುವುದಿಲ್ಲ, ರಾತ್ರಿ ದಿಂಬಿಗೆ ತಲೆಯಿಟ್ಟರೆ ನಿದ್ದೆಯಿಲ್ಲ. ಹತ್ತಿರದ ದವಾಖಾನೆಯೊಂದರಲ್ಲಿ ಕಿವಿಯ ಗುಗ್ಗೆ ತೆಗೆದು, "ವಯಸ್ಸಾಯಿತಲ್ಲ" ಎಂದು ಮಾತ್ರೆ ಕೊಟ್ಟು ಕಳಿಸಿದರು. ಮೂರು ತಿಂಗಳು ಹೀಗೇ ಹೋಯಿತು. ಒಂದು ರಾತ್ರಿ ಈ ತಾಯಿ ಗಂಡನ ಭುಜಕ್ಕೆ ತಲೆ ಒರಗಿಸಿದರಂತೆ. "ಅವರ ಕಿವ್ಯಾಗಿನ ಸಪ್ಪಳ ನನಗೂ ಕೇಳಿಸ್ತರೀ!" ಎಂದು ಬರೆದಿದ್ದಾರೆ. ಬೆರಳಿಟ್ಟು ನೋಡಿದರೆ ಕತ್ತಿನ ಆ ಜಾಗ ಬೆಕ್ಕು ಗುರುಗುಟ್ಟಿದ ಹಾಗೆ ಜುಮ್ಮೆನ್ನುತ್ತಿತ್ತು.

ಒಬ್ಬರ ಕಿವಿಯೊಳಗಿನ ಸದ್ದು ಇನ್ನೊಬ್ಬರಿಗೆ ಕೇಳಿಸಿತೆಂದರೆ ಅದು ಬರೀ ಕಿವಿಯ ಭ್ರಮೆಯಲ್ಲ. ನಾಡಿಯ ತಾಳಕ್ಕೆ ಸರಿಯಾಗಿ ಬಡಿಯುವ ಸದ್ದಾಗಿದ್ದರಂತೂ ಅದು ರಕ್ತ ಹರಿಯುವ ಸದ್ದೇ ಇರಬೇಕು. ಇವರದು ಏನು, ಅದನ್ನು ಕತ್ತು ಕೊಯ್ಯದೆ ಹೇಗೆ ಸರಿಪಡಿಸಿದರು ಎಂಬುದನ್ನು ಕಾರ್ಯಕ್ರಮದ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಲಾಗಲಿಲ್ಲ. ಆದ್ದರಿಂದ ಈ ಪುಟ.

ಮೊದಲು ಸ್ವಲ್ಪ ಶಾಲೆಯ ಪಾಠ. ಹೃದಯದಿಂದ ಹೊರಟ ರಕ್ತವನ್ನು ಒಯ್ಯುವುದು ಅಪಧಮನಿ, ಹೃದಯಕ್ಕೆ ವಾಪಸು ತರುವುದು ಅಭಿಧಮನಿ ಎಂದು ಓದಿದ್ದೇವೆ. ರೇಡಿಯೋದಲ್ಲಿ ಈ ಎರಡು ಶಬ್ದ ಹೇಳಿದರೆ ಕೇಳುವವರಿಗೆ ಒಂದೇ ಅನ್ನಿಸುತ್ತದೆ, ಹಾಗಾಗಿ ನಾನು ಧಮನಿ, ಸಿರೆ ಎನ್ನುತ್ತೇನೆ. ಧಮನಿಯಲ್ಲಿ ಒತ್ತಡ ಹೆಚ್ಚು, ಗೋಡೆ ದಪ್ಪ. ಸಿರೆಯಲ್ಲಿ ಒತ್ತಡ ಬಹಳ ಕಡಿಮೆ, ಗೋಡೆ ತೆಳು. ಇವೆರಡರ ನಡುವೆ ಕೂದಲಿಗಿಂತ ಎಷ್ಟೋ ಸಣ್ಣದಾದ ಲೋಮನಾಳಗಳ ಬಲೆಯಿದೆ. ರಕ್ತ ಅಲ್ಲಿ ನಿಧಾನವಾಗಿ ಸಾಗುತ್ತಾ ಪ್ರಾಣವಾಯುವನ್ನು ಇಳಿಸಿ, ಕೊಳೆಯನ್ನು ಹತ್ತಿಸಿಕೊಂಡು ಹೋಗುತ್ತದೆ. ಮುಂಬಯಿಯವರಿಗೆ ಹೇಳುವುದಾದರೆ ಇದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್.

ಧಮನಿಗೂ ಸಿರೆಗೂ ನಡುವೆ ನೇರವಾಗಿ ಒಂದು ತೂತು ಬಿದ್ದು ಎರಡೂ ಕೂಡಿಕೊಂಡರೆ? ರಕ್ತಕ್ಕೆ ಫಾಸ್ಟ್ ಟ್ರ್ಯಾಕ್ ಸಿಕ್ಕಿದಂತಾಯಿತು. ನಡುವಿನ ಸ್ಟೇಷನ್ನುಗಳಲ್ಲಿ ನಿಂತವರು ನಿಂತೇ ಇರುತ್ತಾರೆ. ಹೆಚ್ಚಿನ ಒತ್ತಡದ ರಕ್ತ ತೆಳು ಗೋಡೆಯ ಸಿರೆಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಆ ನುಗ್ಗಾಟದ ಸದ್ದೇ ಸುಂಯ್. ವೈದ್ಯರು ಇದಕ್ಕೆ ಆರ್ಟೀರಿಯೋವೀನಸ್ ಫಿಸ್ಟುಲಾ ಎನ್ನುತ್ತಾರೆ, ಚಿಕ್ಕದಾಗಿ ಎ.ವಿ. ಫಿಸ್ಟುಲಾ. ಒಂದೇ ತೂತಿನ ಬದಲು ಹುಟ್ಟಿನಿಂದಲೇ ಹತ್ತಾರು ನಾಳಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿದ್ದರೆ ಅದು ಎ.ವಿ. ಮಾಲ್‌ಫಾರ್ಮೇಶನ್. ಅದರ ಚಿಕಿತ್ಸೆ ಇನ್ನೂ ಕಷ್ಟದ್ದು, ಹಲವು ಸಲ ಹಂತ ಹಂತವಾಗಿ ಮಾಡಬೇಕಾಗುತ್ತದೆ.

ಡಯಾಲಿಸಿಸ್ ಮಾಡಿಸುವವರ ಮನೆಯಲ್ಲಿ ಫಿಸ್ಟುಲಾ ಎಂಬ ಶಬ್ದ ಹೊಸದೇನಲ್ಲ. ಕೈಯಲ್ಲಿ ಬೇಕೆಂದೇ ಧಮನಿಯನ್ನು ಸಿರೆಗೆ ಹೊಲಿಯುತ್ತಾರೆ. ಸಿರೆ ಉಬ್ಬಿ ದಪ್ಪವಾದರೆ ಸೂಜಿ ಚುಚ್ಚಲು ಅನುಕೂಲ. ನ್ಯೂಯಾರ್ಕಿನ ಬ್ರೆಶಿಯಾ, ಸಿಮಿನೋ ಮತ್ತು ಅವರ ಸಂಗಡಿಗರು 1966ರಲ್ಲಿ ಪ್ರಕಟಿಸಿದ ಉಪಾಯವಿದು. ಕೈಯಲ್ಲಿ ಉಪಕಾರಿಯಾದದ್ದೇ ಕತ್ತಿನಲ್ಲಿ ಅಪಾಯ.

ಕತ್ತಿನಲ್ಲಿ ಏಕೆ ಆಗುತ್ತದೆ? ಇರಿತ, ಗುಂಡೇಟು, ರಸ್ತೆ ಅಪಘಾತ ಹಳೆಯ ಕಾರಣಗಳು. ನ್ಯೂರೋಫೈಬ್ರೊಮಾಟೋಸಿಸ್‌ನಂಥ ಹುಟ್ಟು ಕಾಯಿಲೆಗಳಲ್ಲಿ ನಾಳದ ಗೋಡೆಯೇ ದುರ್ಬಲವಾಗಿದ್ದು ತಾನಾಗಿಯೂ ಆಗಬಹುದು. ಸಲೂನಿನಲ್ಲಿ ಕತ್ತನ್ನು ಗರಕ್ಕನೆ ತಿರುಗಿಸಿ ಲಟಿಕೆ ಮುರಿಸಿಕೊಳ್ಳುವ ಚಟ ಇರುವವರು ಸ್ವಲ್ಪ ಗಮನಿಸಿ: ಹಾಗೆ ತಿರುಚುವಾಗ ಧಮನಿಯ ಒಳಗೋಡೆ ಸೀಳುವುದುಂಟು, ಅದರಿಂದ ಲಕ್ವ ಹೊಡೆದವರಿದ್ದಾರೆ. ಚಟ ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ.

ಇನ್ನೊಂದು ಕಾರಣ ಚಿಕಿತ್ಸೆಯೇ. ಐಸಿಯುವಿನಲ್ಲಿ, ಡಯಾಲಿಸಿಸ್‌ನಲ್ಲಿ, ದೊಡ್ಡ ಆಪರೇಷನ್‌ಗಳಲ್ಲಿ ಕತ್ತಿನ ಜುಗುಲರ್ ಎಂಬ ದೊಡ್ಡ ಸಿರೆಗೆ ನಳಿಕೆ ಹಾಕುತ್ತಾರೆ. ಅದರ ಹಿಂದೆಯೇ ಆಳದಲ್ಲಿ ವರ್ಟಿಬ್ರಲ್ ಧಮನಿ ಇದೆ. ಸೂಜಿ ಸಿರೆಯನ್ನು ದಾಟಿ ಒಂದಿಷ್ಟು ಮುಂದೆ ಹೋದರೆ ಎರಡಕ್ಕೂ ತೂತು. ಎಲ್ಲರಿಗೂ ಹೀಗಾಗುವುದಿಲ್ಲ, ಇದು ಅಪರೂಪ. ಅಲ್ಟ್ರಾಸೌಂಡ್ ಪರದೆಯ ಮೇಲೆ ಸೂಜಿಯನ್ನು ನೋಡುತ್ತಾ ಹಾಕುವ ಪದ್ಧತಿ ಬಂದ ಮೇಲೆ ಇನ್ನೂ ಕಡಿಮೆಯಾಗಿದೆ. ನಮ್ಮ ಡೊಂಬಿವಲಿಯವರಿಗೆ ಆಗಿದ್ದು ಇದೇ. ತಪ್ಪು ಯಾರದು ಎಂದು ಈ ಪುಟದಲ್ಲಿ ತೀರ್ಮಾನಿಸುವುದಿಲ್ಲ. ಆ ರಾತ್ರಿ ನಳಿಕೆ ಹಾಕದಿದ್ದರೆ ಅವರು ಉಳಿಯುತ್ತಿರಲಿಲ್ಲ ಎಂಬುದೂ ನಿಜ. ಆದರೆ ಮೂರು ತಿಂಗಳು ಕತ್ತಿಗೆ ಒಬ್ಬರೂ ಸ್ಟೆತಾಸ್ಕೋಪ್ ಇಡಲಿಲ್ಲವಲ್ಲ ಎಂಬ ಬೇಸರ ಅವರಿಗಿದೆ, ನನಗೂ ಇದೆ.

ಸ್ಟೆತಾಸ್ಕೋಪ್ ಹುಟ್ಟುವ ಮೊದಲೇ ಈ ಸದ್ದನ್ನು ಗುರುತಿಸಿದವರಿದ್ದರು. ಇಂಗ್ಲೆಂಡಿನಲ್ಲಿ ಆಗ ಯಾವ ಕಾಯಿಲೆಗೂ ಮೊಣಕೈ ಹತ್ತಿರ ಸಿರೆ ಕೊಯ್ದು ರಕ್ತ ಹರಿಸುತ್ತಿದ್ದರು. ಚಾಕು ಕೆಲವೊಮ್ಮೆ ಕೆಳಗಿನ ಧಮನಿಯನ್ನೂ ಚುಚ್ಚುತ್ತಿತ್ತು. ಅಂಥ ರೋಗಿಗಳನ್ನು ನೋಡಿ ಲಂಡನ್ನಿನ ವಿಲಿಯಂ ಹಂಟರ್ ಎಂಬ ವೈದ್ಯ 1757ರಲ್ಲಿ ಇದನ್ನು ವಿವರಿಸಿದ. ಉಬ್ಬಿದ ಸಿರೆ, ಕೈಗೆ ಸಿಗುವ ಕಂಪನ, ಕಿವಿಗೆ ಕೇಳುವ ಸದ್ದು ಮೂರನ್ನೂ ಬರೆದಿಟ್ಟ. ಅಂದರೆ ಚಿಕಿತ್ಸೆಯಿಂದಾದ ಫಿಸ್ಟುಲಾದ ಕಥೆ ಎರಡೂವರೆ ಶತಮಾನ ಹಳೆಯದು.

ಗುರುತಿಸಿದ್ದಾಯಿತು, ಮುಚ್ಚುವುದು ಹೇಗೆ? ಸಾಮಾನ್ಯ ಬುದ್ಧಿಗೆ ತೋಚುವುದು ಬರುವ ನಲ್ಲಿ ಕಟ್ಟು ಎಂದು. ತೂತಿಗೆ ರಕ್ತ ತರುವ ಧಮನಿಯನ್ನು ಕೆಳಗಡೆ ದಾರದಿಂದ ಬಿಗಿದರೆ ಆಯಿತಲ್ಲ? ಶಸ್ತ್ರವೈದ್ಯರು ಬಹುಕಾಲ ಹಾಗೇ ಮಾಡಿದರು. ಸದ್ದು ನಿಲ್ಲುತ್ತಿತ್ತು, ಕೆಲವು ದಿನ. ಆಮೇಲೆ ಮತ್ತೆ ಸುಂಯ್. ಇಲ್ಲಿ ಒಂದು ನಿಮಿಷ ನಿಲ್ಲೋಣ, ಏಕೆಂದರೆ ಈಗಿನ ಚಿಕಿತ್ಸೆಯ ತಿರುಳೇ ಇಲ್ಲಿದೆ.

ಮೆದುಳಿಗೆ ಕತ್ತಿನ ಮೂಲಕ ನಾಲ್ಕು ಧಮನಿಗಳು ಹೋಗುತ್ತವೆ. ಮುಂದುಗಡೆ ಎರಡು ಕೆರೋಟಿಡ್, ಹಿಂದುಗಡೆ ಎರಡು ವರ್ಟಿಬ್ರಲ್. ವರ್ಟಿಬ್ರಲ್ ಧಮನಿ ಕತ್ತಿನ ಆರನೆಯ ಮೂಳೆಯಿಂದ ಮೊದಲನೆಯದರವರೆಗೆ, ಮೂಳೆಗಳ ಪಕ್ಕದ ತೂತುಗಳೊಳಗೆ ದಾರ ಪೋಣಿಸಿದ ಹಾಗೆ ಮೇಲೇರುತ್ತದೆ. ಸುತ್ತಲೂ ಸಿರೆಗಳ ಜಾಲ. ತಲೆಬುರುಡೆಯೊಳಗೆ ಎಡ ಬಲ ಎರಡೂ ಸೇರಿ ಒಂದೇ ನಾಳವಾಗುತ್ತವೆ. ಬಲಗಡೆಯದನ್ನು ಕೆಳಗೆ ಕಟ್ಟಿದರೆ ಏನಾಗುತ್ತದೆ ನೋಡಿ. ಎಡಗಡೆಯಿಂದ ಮೇಲೆ ಹೋದ ರಕ್ತ, ಮೆದುಳಿಗೆ ಹೋಗುವ ಬದಲು, ಬಲಗಡೆಯ ನಾಳದಲ್ಲಿ ಉಲ್ಟಾ ಇಳಿದು ಬಂದು ಅದೇ ತೂತಿನ ಮೂಲಕ ಸಿರೆಗೆ ಸುರಿಯುತ್ತದೆ. ನೀರು ತಗ್ಗಿಗೆ ಹರಿಯುವುದು ಸಹಜ, ರಕ್ತ ಒತ್ತಡ ಕಡಿಮೆಯಿರುವ ಕಡೆಗೆ. ಫಿಸ್ಟುಲಾ ಹೋಗಲಿಲ್ಲ, ಮೆದುಳಿನ ಪಾಲಿನ ರಕ್ತವೂ ಕಳವಾಯಿತು. ಅಷ್ಟೇ ಅಲ್ಲ, ಸಣ್ಣಪುಟ್ಟ ಪಕ್ಕದ ನಾಳಗಳೆಲ್ಲ ದಪ್ಪವಾಗಿ ಅಲ್ಲಿಗೇ ದಾರಿ ಮಾಡಿಕೊಳ್ಳುತ್ತವೆ. ಮುಂದೆ ಒಳಗಿನಿಂದ ಹೋಗಿ ಸರಿಪಡಿಸೋಣವೆಂದರೆ ಹೋಗಬೇಕಾದ ಹೆದ್ದಾರಿಯನ್ನೇ ಕಟ್ಟಿಹಾಕಿ ಆಗಿರುತ್ತದೆ.

ಹಾಗಾಗಿ ಮುಚ್ಚಬೇಕಾದ್ದು ತೂತನ್ನೇ, ಇಲ್ಲವೇ ತೂತಿನ ಮೇಲೆ ಕೆಳಗೆ ಎರಡೂ ಕಡೆ. ಮೂಳೆಯೊಳಗೆ ಹುದುಗಿದ ನಾಳವನ್ನು ಹೊರಗಿನಿಂದ ಕೊಯ್ದು ತಲುಪುವುದು ಕಷ್ಟ, ಉಬ್ಬಿದ ಸಿರೆಗಳಿಂದ ರಕ್ತಸ್ರಾವವೂ ಜಾಸ್ತಿ. ಒಳಗಿನಿಂದ ಹೋಗುವ ದಾರಿ ತೆರೆಯುವವರೆಗೆ ವೈದ್ಯರು ಕಾಯಬೇಕಾಯಿತು.

ಆ ದಾರಿ ತುಂಡು ತುಂಡಾಗಿ ಬಂತು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಕತ್ತಿನ ಧಮನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಹಾಕಿ ಮೆದುಳಿನ ರಕ್ತನಾಳಗಳ ಚಿತ್ರ ತೆಗೆದ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಎಂಬ ಯುವ ವೈದ್ಯ ಒಂದು ಸರಳ ಉಪಾಯ ಪ್ರಕಟಿಸಿದ: ಸೂಜಿ ಚುಚ್ಚು, ಅದರೊಳಗೆ ತಂತಿ ಬಿಡು, ಸೂಜಿ ತೆಗೆ, ತಂತಿಯ ಮೇಲೆ ನಳಿಕೆ ಜಾರಿಸು. ಇವತ್ತು ಹೃದಯದ ಆಂಜಿಯೋಗ್ರಾಂ ಮಾಡಿಸಿಕೊಂಡ ಪ್ರತಿಯೊಬ್ಬರೂ ಆತನಿಗೆ ಋಣಿಗಳು. ಆಮೇಲೆ ಮಾಸ್ಕೋದ ಸೆರ್ಬಿನೆಂಕೋ. ಮೇ ದಿನದ ಉತ್ಸವದಲ್ಲಿ ಮಕ್ಕಳು ದಾರ ಕಟ್ಟಿದ ಬಲೂನು ಆಡಿಸುವುದನ್ನು ನೋಡಿ ಆತನಿಗೆ ಯೋಚನೆ ಹೊಳೆಯಿತು ಎಂದು ಹೇಳುತ್ತಾರೆ. ನಳಿಕೆಯ ತುದಿಗೆ ಪುಟ್ಟ ಬಲೂನು ಕಟ್ಟಿ, ರಕ್ತದ ಹರಿವಿನಲ್ಲೇ ತೇಲಿಸಿ, ತೂತಿನ ಹತ್ತಿರ ಉಬ್ಬಿಸಿ, ಅಲ್ಲೇ ಕಳಚಿ ಬಿಟ್ಟು ಬರುವುದು. 1974ರಲ್ಲಿ ಆತನ ಲೇಖನ ಹೊರಬಂದಾಗ ನರಶಸ್ತ್ರವೈದ್ಯರ ಲೋಕಕ್ಕೆ ಹೊಸ ಬಾಗಿಲು ತೆರೆಯಿತು. 1991ರಲ್ಲಿ ಗುಲ್ಯೆಲ್ಮಿ ಎಂಬಾತ ಅಮೆರಿಕದಲ್ಲಿ ಪ್ಲಾಟಿನಂ ತಂತಿಯ ಸುರುಳಿಯನ್ನು ಬಳಕೆಗೆ ತಂದ. ಸುರುಳಿ ಸರಿಯಾಗಿ ಕೂರದಿದ್ದರೆ ಹಿಂದಕ್ಕೆ ಎಳೆದುಕೊಳ್ಳಬಹುದು, ಕೂತರೆ ಸಣ್ಣ ವಿದ್ಯುತ್ತು ಹರಿಸಿ ಕಳಚಬಹುದು. ತಪ್ಪು ತಿದ್ದಿಕೊಳ್ಳಲು ಅವಕಾಶ ಸಿಕ್ಕಿದ್ದೇ ಇದರ ದೊಡ್ಡ ಗುಣ.

ಈಗ ಡೊಂಬಿವಲಿಯವರ ಕಥೆಗೆ ಬರೋಣ. ಪತ್ನಿಯ ಒತ್ತಾಯಕ್ಕೆ ಡಯಾಲಿಸಿಸ್ ಡಾಕ್ಟರೇ ಕತ್ತಿಗೆ ಸ್ಟೆತಾಸ್ಕೋಪ್ ಇಟ್ಟರು. ಎರಡು ಸೆಕೆಂಡು ಸಾಕಾಯಿತಂತೆ. ಡಾಪ್ಲರ್ ಆಯಿತು, ಸಿ.ಟಿ. ಆಂಜಿಯೋಗ್ರಾಂ ಆಯಿತು. ಅಷ್ಟರಲ್ಲಿ ಬಲಗೈ ಜೋಮು ಹಿಡಿಯಲು ಶುರುವಾಗಿತ್ತು. ಉಬ್ಬಿದ ಸಿರೆಗಳು ಕತ್ತಿನ ನರಗಳನ್ನು ಒತ್ತುತ್ತಿದ್ದವು. ಹೀಗೇ ಬಿಟ್ಟರೆ ಬೆನ್ನುಹುರಿಗೂ ಒತ್ತಡ ತಟ್ಟಬಹುದಿತ್ತು. ಹರಿವು ತುಂಬ ಜಾಸ್ತಿಯಿದ್ದರೆ ಹೃದಯವೂ ಸೋಲುತ್ತದೆ, ಸುಮ್ಮನೆ ಸುತ್ತು ಹೊಡೆಯುವ ರಕ್ತವನ್ನೂ ಅದೇ ತಳ್ಳಬೇಕಲ್ಲ.

ಕೊನೆಯ ತೀರ್ಮಾನಕ್ಕೆ ಡಿ.ಎಸ್.ಎ. ಎಂಬ ಆಂಜಿಯೋಗ್ರಾಂ ಬೇಕು. ಕಂಪ್ಯೂಟರು ಮೂಳೆಯನ್ನೆಲ್ಲ ಅಳಿಸಿ ರಕ್ತನಾಳಗಳನ್ನಷ್ಟೇ ತೋರಿಸುತ್ತದೆ. ಹೆಚ್ಚಾಗಿ ತೊಡೆಸಂದಿನಲ್ಲಿ, ಕೆಲವೊಮ್ಮೆ ಮಣಿಕಟ್ಟಿನಲ್ಲಿ ಚುಚ್ಚುತ್ತಾರೆ. ಇವರ ಎಡಗೈಯಲ್ಲಿ ಡಯಾಲಿಸಿಸ್ ಫಿಸ್ಟುಲಾ ಇದ್ದುದರಿಂದ ಕೈಯ ದಾರಿ ಬೇಡವೆಂದು ತೊಡೆಯಿಂದಲೇ ಹೋದರು. ಎರಡು ಮಿಲಿಮೀಟರಿನಷ್ಟು ದಪ್ಪದ ನಳಿಕೆ ಹೊಟ್ಟೆ, ಎದೆ ದಾಟಿ ಕತ್ತಿನ ಬುಡಕ್ಕೆ ಬಂತು. ಅದರೊಳಗೆ ಒಂದು ಮಿಲಿಮೀಟರಿಗೂ ಸಣ್ಣದಾದ ಇನ್ನೊಂದು ನಳಿಕೆ ತೂತಿನವರೆಗೆ. ನಾಳದ ಒಳಗೋಡೆಗೆ ನೋವಿನ ಅರಿವು ಅಷ್ಟಾಗಿ ಇಲ್ಲ. ದ್ರವ ಹಾಕಿದಾಗ ಕತ್ತು ತಲೆ ಬಿಸಿಯಾದಂತೆ ಅನ್ನಿಸುತ್ತದೆ, ಅಷ್ಟೇ.

ವೈದ್ಯರ ಮುಂದೆ ಎರಡು ಆಯ್ಕೆ ಇರುತ್ತವೆ. ಒಂದು, ಧಮನಿಯನ್ನು ಉಳಿಸಿ ತೂತನ್ನಷ್ಟೇ ಮುಚ್ಚುವುದು. ಬಟ್ಟೆಯ ಹೊದಿಕೆಯಿರುವ ಸ್ಟೆಂಟನ್ನು ಒಳಗೆ ಹಾಸಿದರೆ ರಕ್ತ ನೇರ ಹೋಗುತ್ತದೆ, ತೂತು ಮುಚ್ಚುತ್ತದೆ. ಕೆರೋಟಿಡ್ ಧಮನಿಯನ್ನು ಆದಷ್ಟೂ ಹೀಗೆ ಉಳಿಸಿಕೊಳ್ಳಲು ನೋಡುತ್ತಾರೆ. ಆದರೆ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆಗಳನ್ನು ತಪ್ಪದೆ ನುಂಗಬೇಕು. ಇನ್ನೊಂದು, ಎದುರು ಬದಿಯ ಧಮನಿ ಗಟ್ಟಿಯಾಗಿದ್ದರೆ ಈ ಬದಿಯದನ್ನು ತೂತಿನ ಜಾಗದಲ್ಲೇ ಪೂರ್ತಿ ಮುಚ್ಚಿಬಿಡುವುದು. ಇವರ ಬಲಗಡೆಯ ವರ್ಟಿಬ್ರಲ್ ತೆಳ್ಳಗಿತ್ತು, ಎಡಗಡೆಯದು ದಪ್ಪ. ಸುಮ್ಮನೆ ಊಹೆಯ ಮೇಲೆ ಮುಚ್ಚುವುದಿಲ್ಲ. ಎಚ್ಚರವಿರುವಾಗಲೇ ಒಳಗೆ ಬಲೂನು ಉಬ್ಬಿಸಿ ಹರಿವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, "ಕೈ ಎತ್ತಿ, ನಗಿ, ಒಂದರಿಂದ ಇಪ್ಪತ್ತು ಎಣಿಸಿ" ಎಂದು ಪರೀಕ್ಷಿಸಿದರು. ಇವರು ಕನ್ನಡದಲ್ಲಿ ಎಣಿಸಿದಾಗ ಅಲ್ಲಿದ್ದ ಮರಾಠಿ ನರ್ಸಿಗೆ ಮಾತು ತೊದಲುತ್ತಿದೆಯೋ ಏನೋ ಎಂದು ಗಾಬರಿಯಾಯಿತಂತೆ!

ಅರ್ಧ ಗಂಟೆ ಏನೂ ತೊಂದರೆಯಾಗಲಿಲ್ಲ. ಆಮೇಲೆ ಸುರುಳಿಗಳು. ಮೊದಲು ತೂತಿನ ಆಚೆ ಬದಿ, ಅಂದರೆ ಮೇಲ್ಗಡೆ. ಉಲ್ಟಾ ಇಳಿಯುವ ದಾರಿ ಮುಚ್ಚಿತು. ಬಳಿಕ ತೂತಿನ ಎದುರಿಗೆ, ಕೊನೆಗೆ ಕೆಳಗೆ. ಹಳೆಯ ಶಸ್ತ್ರವೈದ್ಯರು ದಾರದಿಂದ ಮಾಡಲಾಗದೆ ಹೋದದ್ದು ಇದೇ ಕ್ರಮ. ಕೊನೆಯ ಸುರುಳಿ ಕೂರುವ ಹೊತ್ತಿಗೆ ಮೇಜಿನ ಮೇಲಿದ್ದವರು, "ಡಾಕ್ಟ್ರೇ, ಸಪ್ಪಳ ನಿಂತ್ತು" ಎಂದರಂತೆ. ಪರದೆ ನೋಡುವ ಮೊದಲೇ ವೈದ್ಯರಿಗೆ ಸುದ್ದಿ ಗೊತ್ತಾಯಿತು.

ಹಲವು ನಾಳಗಳು ಕೂಡಿದ ಸಿಕ್ಕುಗಳಲ್ಲಿ ಸುರುಳಿ ಸಾಲದು, ಅಂಟು ಬೇಕು. ರಕ್ತ ತಾಗಿದ ಕೂಡಲೇ ಗಟ್ಟಿಯಾಗುವ ಸಯನೋಆಕ್ರಿಲೇಟ್ ಅಂಟು, ನಮ್ಮ ಮನೆಯ ಫೆವಿಕ್ವಿಕ್ಕಿನ ದಾಯಾದಿ. ಎಕ್ಸ್‌ರೇಯಲ್ಲಿ ಕಾಣಲೆಂದು ಅದಕ್ಕೆ ಬೆರೆಸುವ ಲಿಪಿಯೋಡಾಲ್ ಎಂಬುದು ಗಸಗಸೆ ಎಣ್ಣೆಗೆ ಅಯೋಡಿನ್ ಸೇರಿಸಿ ಮಾಡಿದ್ದು. ಹಬ್ಬದ ಪಾಯಸದ ಗಸಗಸೆ ಇಲ್ಲಿಗೂ ಬಂತು ನೋಡಿ. ಓನಿಕ್ಸ್ ಎಂಬ ಇನ್ನೊಂದು ದ್ರವ ನಿಧಾನವಾಗಿ ಲಾವಾರಸದಂತೆ ಹರಿದು ಗಟ್ಟಿಯಾಗುತ್ತದೆ. ಅದನ್ನು ಬಳಸಿದ ಮೇಲೆ ರೋಗಿಯ ಉಸಿರಿನಲ್ಲಿ ಒಂದೆರಡು ದಿನ ಬೆಳ್ಳುಳ್ಳಿ ವಾಸನೆ ಬರುತ್ತದೆ. ಮನೆಯವರು ಹೆದರಬೇಕಾಗಿಲ್ಲ.

ಹೆದರಬೇಕಾದ ವಿಷಯಗಳು ಬೇರೆ ಇವೆ, ಅವನ್ನು ಮುಚ್ಚಿಡಬಾರದು. ಕತ್ತಿನ ಹೊರಗಿನ ಧಮನಿಗಳಿಗೂ ಮೆದುಳಿಗೆ ಹೋಗುವ ಧಮನಿಗಳಿಗೂ ನಡುವೆ ಕಣ್ಣಿಗೆ ಬೀಳದ ಕೊಂಡಿಗಳಿರುತ್ತವೆ. ತಲೆಯ ಹಿಂಬದಿಗೆ ಹೋಗುವ ನಾಳಕ್ಕೆ ಹಾಕಿದ ಅಂಟು ವರ್ಟಿಬ್ರಲ್‌ಗೆ ಜಾರಿದರೆ ಲಕ್ವ ಹೊಡೆಯಬಹುದು. ರಭಸದ ಹರಿವಿನಲ್ಲಿ ಸುರುಳಿ ಜಾರಿ ಸಿರೆಯ ದಾರಿಯಲ್ಲಿ ಹೃದಯ ದಾಟಿ ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟುವುದು, ದ್ರವಕ್ಕೆ ಅಲರ್ಜಿ, ಕಿಡ್ನಿಗೆ ಪೆಟ್ಟು ಇವೂ ಉಂಟು. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಹಿಂದೆ ಆದ ಅಲರ್ಜಿ ಎಲ್ಲವನ್ನೂ ಮೊದಲೇ ಹೇಳಿ, ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಆದ್ದರಿಂದ ಇದನ್ನು ಎಲ್ಲೆಂದರಲ್ಲಿ ಮಾಡಿಸುವಂತಿಲ್ಲ. ನ್ಯೂರೋ ಇಂಟರ್‌ವೆನ್ಷನ್‌ನಲ್ಲಿ ತರಬೇತಾದವರು, ಡಿ.ಎಸ್.ಎ. ಯಂತ್ರ, ಜೊತೆಗೆ ನರಶಸ್ತ್ರವೈದ್ಯರು ಇರುವ ಜಾಗವೇ ಬೇಕು. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ, ದೆಹಲಿಯ ಏಮ್ಸ್ ಈ ಕೆಲಸದಲ್ಲಿ ಹೆಸರಾದವು. ಮಹಾನಗರಗಳ ದೊಡ್ಡ ಆಸ್ಪತ್ರೆಗಳಲ್ಲೂ ಈಗ ಇಂಥ ವಿಭಾಗಗಳಿವೆ. ಖರ್ಚು ಎಷ್ಟು ಎಂದು ಕೇಳಿದರೆ ಒಂದೇ ಉತ್ತರವಿಲ್ಲ, ಎಷ್ಟು ಸುರುಳಿ ಬೇಕಾಗುತ್ತದೆ ಎಂಬುದರ ಮೇಲೆ ಹೋಗುತ್ತದೆ. ಸರ್ಕಾರಿ ಸಂಸ್ಥೆಯಲ್ಲೂ ಸಾಮಾನಿನ ದುಡ್ಡು ಬೇರೆ ಕಟ್ಟಬೇಕಾಗಬಹುದು. ಅಂದಾಜನ್ನು ಬರೆದು ಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಹಾಗೆಯೇ, "ಧಮನಿ ಉಳಿಯುತ್ತದೆಯೇ, ಮುಚ್ಚುತ್ತೀರಾ? ಮುಚ್ಚಿದರೆ ಎದುರು ಬದಿಯದು ಸಾಕಾಗುತ್ತದೆಯೇ?" ಎಂದೂ ಕೇಳಿ. ಅನುಭವಿ ವೈದ್ಯರಿಗೆ ಈ ಪ್ರಶ್ನೆ ಹಿಡಿಸುತ್ತದೆ.

ಇದನ್ನು ಓದಿ ಕಿವಿಯಲ್ಲಿ ಸದ್ದಿರುವವರೆಲ್ಲ ಓಡಬೇಕಾಗಿಲ್ಲ. ಕಿವಿ ಗುಂಯ್‌ಗುಡುವುದು ಬಹಳ ಜನಕ್ಕಿರುತ್ತದೆ, ಅದಕ್ಕೆ ನಾಡಿಯ ತಾಳವಿರುವುದಿಲ್ಲ. ತಾಳವಿದ್ದರೂ ರಕ್ತಹೀನತೆ, ಥೈರಾಯ್ಡ್, ಕತ್ತಿನ ಧಮನಿ ಕಿರಿದಾಗಿರುವುದು ಇಂಥ ಬೇರೆ ಕಾರಣಗಳಿರಬಹುದು. ಮಣಿಕಟ್ಟಿನ ನಾಡಿ ಹಿಡಿದು ಸದ್ದು ಅದರ ಜೊತೆಗೇ ಬರುತ್ತದೆಯೇ ನೋಡಿ. ಜೊತೆಗೇ ಬರುತ್ತಿದ್ದರೆ, ಅದರಲ್ಲೂ ಕತ್ತಿಗೆ ಪೆಟ್ಟಾಗಿದ್ದರೆ ಅಥವಾ ನಳಿಕೆ ಹಾಕಿದ್ದರೆ, ಡಾಕ್ಟರಿಗೆ "ಇಲ್ಲಿ ಸ್ಟೆತಾಸ್ಕೋಪ್ ಇಟ್ಟು ಕೇಳಿ" ಎನ್ನಿ. ಕತ್ತನ್ನು ಗಟ್ಟಿಯಾಗಿ ಒತ್ತಿ ನೀವೇ ಪರೀಕ್ಷೆ ಮಾಡಲು ಹೋಗಬೇಡಿ.

ಚಿಕಿತ್ಸೆಯ ನಂತರ ಆ ಕೇಳುಗರು ಆರು ಗಂಟೆ ಕಾಲು ಮಡಚದೆ ಮಲಗಿದ್ದು, ಎರಡು ದಿನದ ಮೇಲೆ ಮನೆಗೆ ಹೋದರು. ಕೈಯ ಜೋಮು ಹೋಗಲು ಕೆಲವು ವಾರ ಹಿಡಿಯಿತು. ಆರು ತಿಂಗಳಿಗೆ ಮತ್ತೊಮ್ಮೆ ಚಿತ್ರ ತೆಗೆಸಿದ್ದಾರೆ, ಫಿಸ್ಟುಲಾ ಮುಚ್ಚಿಯೇ ಇದೆ. ಮೊನ್ನೆ ಅವರ ಮನೆಯವರು ಫೋನು ಮಾಡಿದ್ದರು. ಈಗಲೂ ದಿನಾ ಬೆಳಿಗ್ಗೆ ಗಂಡನ ಎಡಗೈಗೆ ಕಿವಿಯಿಟ್ಟು ಕೇಳುತ್ತಾರಂತೆ. ಡಯಾಲಿಸಿಸ್ ಫಿಸ್ಟುಲಾ ಸುಂಯ್ ಅನ್ನುತ್ತಿದ್ದರೆ ಸರಿ, ಅದು ನಿಂತರೆ ಆಸ್ಪತ್ರೆಗೆ ಓಡಬೇಕು. "ಕೈಯಾಗಿಂದು ಕೇಳಬೇಕ್ರೀ, ಕತ್ತಿನಾಗಿಂದು ಕೇಳಬಾರದು. ಎರಡೂ ನೋಡಿ ಆಮ್ಯಾಲೆ ನಿಮ್ಮ ರೇಡಿಯೋ ಹಚ್ಚತೀನಿ" ಎಂದರು.